ಹಿರಿಯನಿಗೆ ಮತ್ತೆ ಪಟ್ಟವೆ?

ಪಂಪಭಾರತವನ್ನು ಓದಿದವರಿಗೆ ಭೀಷ್ಮನ ಸೇನಾಪತ್ಯದ ಪ್ರಸಂಗ ಮರೆಯುವಂಥದಲ್ಲ. ಕೌರವಸೇನೆಯ ನಾಯಕತ್ವವನ್ನು ವಯೋವೃದ್ಧನಾದ ಪಿತಾಮಹನಿಗೆ ಒಪ್ಪಿಸಿದಾಗ, ಕರ್ಣನು ಅದನ್ನು ಸಹಿಸದೆ, ಇಷ್ಟು ಮುಪ್ಪಡಸಿದವನಿಂದ ಯುದ್ಧ ಸಾಗೀತೆ ಎಂದು ತುಂಬಿದ ಸಭೆಯಲ್ಲಿಯೇ ಆಕ್ಷೇಪಿಸುತ್ತಾನೆ. ಭೀಷ್ಮನಾದರೋ ಆ ಮಾತಿಗೆ ಕೆರಳದೆ, ಈ ಮಹಾಯುದ್ಧದಲ್ಲಿ ನಿನಗೂ ಸರದಿ ಬಾರದಿರದು ಎಂಬರ್ಥದ ಉತ್ತರವನ್ನು ಕೊಡುತ್ತಾನೆ. ಹಿರಿಯನ ಅನುಭವವನ್ನು ನೆಚ್ಚಬೇಕೆ, ಕಿರಿಯನ ಕಸುವನ್ನು ನೆಚ್ಚಬೇಕೆ ಎಂಬ ಆ ಹಳೆಯ ಪ್ರಶ್ನೆ ಇಂದು ಯುರೋಪಿನ ಫುಟ್‌ಬಾಲ್ ಅಂಗಳದಲ್ಲಿ ಮೇಲಿಂದ ಮೇಲೆ ತಲೆಯೆತ್ತುತ್ತಿದೆ. ತಂಡವೊಂದು ಸೋಲಿನ ಸುಳಿಗೆ ಸಿಕ್ಕಿ, ಇದ್ದ ತರಬೇತುದಾರನನ್ನು ಕಳುಹಿಸಿ, ಮುಂದೇನೆಂದು ತೋಚದೆ ನಿಂತಾಗ, ಹಿಂದೊಮ್ಮೆ ಅದನ್ನು ಗೆಲ್ಲಿಸಿ ನಿವೃತ್ತನಾಗಿ ಮನೆಯಲ್ಲಿರುವ ಹಿರಿಯನ ಹೆಸರು ಎಲ್ಲರ ಬಾಯಿಗೂ ಬರುತ್ತದೆ. ಆತನನ್ನು ಕರೆಯುವುದು ವಿವೇಕವೆ, ಕರೆದರೆ ಆತನು ಬರುವುದು ಉಚಿತವೆ ಎಂಬುದನ್ನು ವಿಚಾರಿಸಲು ಜರ್ಮನಿಯ ಯುಪ್ ಹೈಂಕೆಸ್ ಅವರ ಕಥೆಗಿಂತ ಉತ್ತಮವಾದ ನಿದರ್ಶನ ನನಗೆ ಕಾಣದು.

ಹೈಂಕೆಸ್ ಹುಟ್ಟಿದ್ದು 1945ರ ಮೇ 9ರಂದು, ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮರುದಿನ. ಹುಟ್ಟೂರಾದ ಮೋನ್‌ಶೆನ್‌ಗ್ಲಾಡ್‌ಬಾಖ್‌ನ ತಂಡದಲ್ಲಿ ಮುಂಚೂಣಿಯ ಆಟಗಾರರಾಗಿ ಹೆಸರು ಪಡೆದು, ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ ಒಟ್ಟು 220 ಗೋಲುಗಳನ್ನು ಹೊಡೆದು, 1974ರಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಯ ತಂಡದಲ್ಲಿಯೂ ಇದ್ದರು. ತರಬೇತುದಾರರಾದ ಮೇಲೆ ಬಯರ್ನ್ ಮ್ಯೂನಿಕ್ ತಂಡಕ್ಕೆ 1989 ಮತ್ತು 1990ರಲ್ಲಿ ಲೀಗ್ ಪ್ರಶಸ್ತಿಯನ್ನು ತಂದುಕೊಟ್ಟರೂ, 1991ರಲ್ಲಿ ತಂಡ ಮುಗ್ಗರಿಸಿದಾಗ ಅದೇ ಕ್ಲಬ್ಬಿನವರು ಅವರನ್ನು ಹೊರಗೆ ಕಳುಹಿಸಿದರು. ಅಂದು ಆ ನಿರ್ಧಾರವನ್ನು ಕೈಗೊಂಡವರೂ ಅವರ ಸ್ನೇಹಿತರೂ ಆದ ಊಲಿ ಹೋನೆಸ್ ಅವರು, ಅದು ತಾವು ಮಾಡಿದ ದೊಡ್ಡ ತಪ್ಪೆಂದು ಮುಂದೆ ಬಹಿರಂಗವಾಗಿಯೇ ಒಪ್ಪಿಕೊಂಡರು. 1998ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡಕ್ಕೆ, 32 ವರ್ಷಗಳ ನಿರೀಕ್ಷೆಯ ಅನಂತರ, ಯುರೋಪಿನ ಕಿರೀಟವನ್ನು ಗೆದ್ದುಕೊಟ್ಟ ಮೇಲೂ ಹೈಂಕೆಸ್ ಅವರ ಕೆಲಸ ಉಳಿಯಲಿಲ್ಲ. ಇಷ್ಟೆಲ್ಲ ಏರಿಳಿತಗಳನ್ನು ಕಂಡು, ಬಯರ್ನಿಗೆ ಮತ್ತೆ ಬಂದು, 2013ರಲ್ಲಿ ಲೀಗ್, ಜರ್ಮನ್ ಕಪ್, ಯುರೋಪಿನ ಚಾಂಪಿಯನ್ಸ್ ಲೀಗ್ ಎಂಬ ಮೂರು ಪ್ರಶಸ್ತಿಗಳನ್ನೂ ಒಂದೇ ಋತುವಿನಲ್ಲಿ ಗೆಲ್ಲಿಸಿ, ಜರ್ಮನಿಯ ಯಾವ ತಂಡವೂ ಅದುವರೆಗೆ ಮಾಡದಿದ್ದುದನ್ನು ಮಾಡಿ, ತಮ್ಮ ಊರಿನ ಸಮೀಪದ ಶ್ವಾಲ್ಮ್‌ಟಾಲ್ ಎಂಬ ಹಳ್ಳಿಗೆ ತೆರಳಿದರು. ಪತ್ನಿ, ತೋಟದ ಮನೆ, ಕಾಂಡೊ ಎಂಬ ಹೆಸರಿನ ನಾಯಿ—ಇವೇ ಆ ವಾನಪ್ರಸ್ಥದ ಸಂಗಾತಿಗಳು.

ನಾಲ್ಕು ವರ್ಷಗಳು ಹೀಗೆ ಸಂದವು. 2017ರ ಸೆಪ್ಟೆಂಬರ್ 27ರಂದು ಬಯರ್ನ್ ತಂಡವು ಪ್ಯಾರಿಸ್ಸಿನಲ್ಲಿ 3-0 ಅಂತರದಿಂದ ಸೋತು, ಮರುದಿನವೇ ತರಬೇತುದಾರ ಕಾರ್ಲೊ ಅಂಚೆಲೊಟ್ಟಿ ಅವರನ್ನು ಬಿಡುಗಡೆ ಮಾಡಿತು. ಲೀಗಿನ ಏಳು ಪಂದ್ಯಗಳು ಮುಗಿಯುವಷ್ಟರಲ್ಲಿ ಬೋರುಸಿಯಾ ಡಾರ್ಟ್‌ಮಂಡ್ ತಂಡವು 5 ಅಂಕಗಳಷ್ಟು ಮುಂದೆ ಇತ್ತು. ಪ್ರಸಿದ್ಧ ಆಟಗಾರರಲ್ಲಿ ಅತೃಪ್ತಿ ಹೊಗೆಯಾಡುತ್ತಿತ್ತು. ಆಗ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಹೋನೆಸ್ ಅವರ ದೃಷ್ಟಿ ತಮ್ಮ ಹಳೆಯ ಸ್ನೇಹಿತರತ್ತ ಹರಿಯಿತು. ಅಕ್ಟೋಬರ್ 6ರಂದು ಸುದ್ದಿ ಹೊರಬಿತ್ತು: 72 ವರ್ಷದ ಹೈಂಕೆಸ್ ಆ ಋತುವಿನ ಅಂತ್ಯದವರೆಗೆ ತಂಡದ ಹೊಣೆ ಹೊರಲಿದ್ದಾರೆ.

ಇಲ್ಲಿ ಸ್ವಲ್ಪ ನಿಂತು, ಫುಟ್‌ಬಾಲ್ ತರಬೇತುದಾರನ ಕೆಲಸವೆಂದರೆ ಏನೆಂಬುದನ್ನು ತಿಳಿಯಬೇಕು. ಅಂಗಳದ ಅಂಚಿನಲ್ಲಿ ನಿಂತು ಕೈ ಬೀಸುವ ವ್ಯಕ್ತಿಯನ್ನಷ್ಟೇ ನಾವು ದೂರದರ್ಶನದಲ್ಲಿ ಕಾಣುತ್ತೇವೆ. ಆದರೆ ಪಂದ್ಯವು ಆರಂಭವಾಗುವ ಹೊತ್ತಿಗೆ ಆತನ ಕಾರ್ಯದ ಬಹುಭಾಗ ಮುಗಿದಿರುತ್ತದೆ. ಇಪ್ಪತ್ತೈದರಷ್ಟು ಆಟಗಾರರಲ್ಲಿ ಹನ್ನೊಂದು ಮಂದಿಯನ್ನು ಆರಿಸುವುದು, ಉಳಿದವರ ಮನಸ್ಸು ಮುರಿಯದಂತೆ ನೋಡಿಕೊಳ್ಳುವುದು, ಎದುರಾಳಿಯ ಆಟವನ್ನು ಪರಿಶೀಲಿಸಿ ಯಾರು ಎಲ್ಲಿ ನಿಲ್ಲಬೇಕು, ಚೆಂಡು ಕೈತಪ್ಪಿದೊಡನೆ ಯಾರು ಎತ್ತ ಓಡಬೇಕು ಎಂಬುದನ್ನು ದಿನದಿನವೂ ಅಭ್ಯಾಸ ಮಾಡಿಸುವುದು, ಪಂದ್ಯದ ನಡುವೆ ಯಾರನ್ನು ಹೊರಗೆ ಕರೆದು ಯಾರನ್ನು ಒಳಗೆ ಕಳುಹಿಸಬೇಕೆಂದು ಕ್ಷಣದಲ್ಲಿ ನಿರ್ಣಯಿಸುವುದು—ಇವೆಲ್ಲವೂ ಆತನ ಪಾಲಿಗೆ ಸೇರಿದವು. ಇವುಗಳಲ್ಲಿ ದೇಹಶ್ರಮವನ್ನು ಬೇಡುವುವು ಕೆಲವು, ವಿವೇಚನೆಯನ್ನು ಬೇಡುವುವು ಕೆಲವು, ಮನುಷ್ಯರ ಸ್ವಭಾವದ ಅರಿವನ್ನು ಬೇಡುವುವು ಹಲವು. ಮೊದಲನೆಯದನ್ನು ವಯಸ್ಸು ಕಸಿದುಕೊಳ್ಳುತ್ತದೆ. ಕಡೆಯದನ್ನು, ಸಂಸ್ಕಾರವಿದ್ದವನಲ್ಲಿ, ವಯಸ್ಸೇ ಬೆಳೆಸುತ್ತದೆ.

ಹೈಂಕೆಸ್ ಈ ಸತ್ಯವನ್ನು ಬಲ್ಲವರಾಗಿದ್ದರು. ಆದುದರಿಂದಲೇ ಅವರು ಒಬ್ಬರೇ ಬರದೆ, ಲೆವರ್‌ಕೂಸನ್ ತಂಡದಲ್ಲಿಯೂ 2013ರ ವಿಜಯದಲ್ಲಿಯೂ ತಮ್ಮ ಬಲಗೈಯಾಗಿದ್ದ ಪೀಟರ್ ಹೆರ್ಮನ್ ಅವರನ್ನು ಡ್ಯುಸ್ಸೆಲ್‌ಡಾರ್ಫ್ ಕ್ಲಬ್ಬಿನಿಂದ ಕರೆಸಿಕೊಂಡರು. ದಿನನಿತ್ಯದ ಅಭ್ಯಾಸದ ಭಾರವನ್ನು ಹೊರಲು ನಂಬಿಕೆಯ ಜೊತೆಗಾರರಿದ್ದುದರಿಂದ, ನೋಡುವ, ಆಲೋಚಿಸುವ, ಆಟಗಾರರೊಡನೆ ಮಾತನಾಡುವ ಕೆಲಸಕ್ಕೆ ಹಿರಿಯರಿಗೆ ಅವಕಾಶ ದೊರೆಯಿತು. ಅಂಚೆಲೊಟ್ಟಿಯವರ ಕಾಲದಲ್ಲಿ ರಕ್ಷಣೆಯ ಸಾಲಿನಲ್ಲಿ ಆಡುತ್ತಿದ್ದ ಹಾವಿ ಮಾರ್ಟಿನೆಸ್‌ನನ್ನು ಅವರು 2013ರಲ್ಲಿದ್ದಂತೆ ಮಧ್ಯರಂಗಕ್ಕೆ, ರಕ್ಷಕರ ಮುಂಭಾಗಕ್ಕೆ, ಮರಳಿ ತಂದರು. ಮ್ಯಾಡ್ರಿಡ್‌ನಿಂದ ಎರವಲಾಗಿ ಬಂದು ಇನ್ನೂ ನೆಲೆ ಕಾಣದಿದ್ದ ಕೊಲಂಬಿಯದ ಹಾಮೆಸ್ ರಾಡ್ರಿಗಸ್‌ನೊಡನೆ ಅವನ ಭಾಷೆಯಾದ ಸ್ಪ್ಯಾನಿಷ್‌ನಲ್ಲಿಯೇ ಮಾತನಾಡಿದರು. ಆತನು ಆ ಋತುವಿನಲ್ಲಿ ತಂಡದ ಮುಖ್ಯ ಆಟಗಾರರಲ್ಲಿ ಒಬ್ಬನಾದನು. ಹೊಸ ತಂತ್ರವನ್ನೇನೂ ಅವರು ಕಂಡುಹಿಡಿದಿರಲಿಲ್ಲ. ಯಾವ ವಸ್ತು ಯಾವ ಗೂಡಿನಲ್ಲಿರಬೇಕೆಂದು ತಿಳಿದ ಮನೆಯ ಯಜಮಾನ ಊರಿಂದ ಮರಳಿ ಬಂದು, ಚೆದರಿದ್ದನ್ನು ಒಂದೊಂದಾಗಿ ಅದರದರ ಸ್ಥಾನದಲ್ಲಿ ಇಟ್ಟಂತೆ ಇತ್ತು ಆ ಕಾರ್ಯ.

ಫಲವೇನೆಂದು ಬಹುಕಾಲ ಕಾಯಬೇಕಾಗಲಿಲ್ಲ. ಅಕ್ಟೋಬರ್ 14ರ ಮೊದಲ ಪಂದ್ಯದಲ್ಲಿ ಫ್ರೈಬುರ್ಗ್ ತಂಡದ ಮೇಲೆ 5-0. ನವೆಂಬರ್ 4ರಂದು ಡಾರ್ಟ್‌ಮಂಡ್‌ನ ಅಂಗಳದಲ್ಲಿಯೇ ಅದರ ಮೇಲೆ 3-1. ಒಂದು ತಿಂಗಳಿಗೂ ಕಡಿಮೆ ಅವಧಿಯಲ್ಲಿ 5 ಅಂಕ ಹಿಂದಿದ್ದ ತಂಡ 6 ಅಂಕ ಮುಂದಾಯಿತು. ಗೆಲುವಿಗೆ 3 ಅಂಕ, ಸಮನಾದರೆ ತಲಾ 1 ಅಂಕ ಎಂಬ ಲೆಕ್ಕವುಳ್ಳ ಲೀಗಿನಲ್ಲಿ ಇದು ಅಲ್ಪ ಬದಲಾವಣೆಯಲ್ಲ. 2018ರ ಏಪ್ರಿಲ್ 7ರಂದು, ಇನ್ನೂ ಐದು ಪಂದ್ಯಗಳು ಉಳಿದಿರುವಾಗಲೇ, ಔಗ್ಸ್‌ಬುರ್ಗ್‌ನಲ್ಲಿ ಪ್ರಶಸ್ತಿ ಖಚಿತವಾಯಿತು. ಕಡೆಗೆ ಎರಡನೆಯ ಸ್ಥಾನದ ಶಾಲ್ಕೆಗಿಂತ ಬಯರ್ನ್ 21 ಅಂಕ ಮುಂದಿತ್ತು. ನ್ಯಾಯವಾಗಿ ಇದನ್ನೂ ಹೇಳಬೇಕು: ಬಯರ್ನ್ ಆ ದೇಶದ ಅತ್ಯಂತ ಧನಿಕ ಕ್ಲಬ್ಬು, ಅದರ ಆಟಗಾರರು ಮೊದಲೇ ಸಮರ್ಥರು, ಡಾರ್ಟ್‌ಮಂಡ್ ತಂಡವು ತನ್ನದೇ ದೌರ್ಬಲ್ಯಗಳಿಂದ ಕುಸಿದು ಡಿಸೆಂಬರಿನಲ್ಲಿ ತರಬೇತುದಾರನನ್ನು ಬದಲಿಸಿತು. ಹಿರಿಯನು ಸೊನ್ನೆಯಿಂದ ಸೃಷ್ಟಿಸಲಿಲ್ಲ. ಇದ್ದ ಶಕ್ತಿಯನ್ನು ಕೂಡಿಸಿದನು. ಹಿರಿಯರಿಂದ ನಾವು ನಿರೀಕ್ಷಿಸಬಹುದಾದುದೂ ಅದೇ.

ಮಿತಿಗಳೂ ಕಾಣಿಸಿಕೊಂಡವು. ಚಾಂಪಿಯನ್ಸ್ ಲೀಗಿನ ಉಪಾಂತ್ಯದಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಸ್ವಂತ ಅಂಗಳದಲ್ಲಿ 1-2 ಸೋಲು, ಮ್ಯಾಡ್ರಿಡ್‌ನಲ್ಲಿ 2-2 ಸಮಬಲ. ಅಲ್ಲಿಗೆ ಆ ದಾರಿ ಮುಗಿಯಿತು. ಇನ್ನುಳಿದುದು ಮೇ 19ರಂದು ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ ಜರ್ಮನ್ ಕಪ್ಪಿನ ಅಂತಿಮ ಪಂದ್ಯ. ಎದುರಾಳಿ ಫ್ರಾಂಕ್‌ಫರ್ಟ್. ಅದರ ತರಬೇತುದಾರರಾದ ನಿಕೊ ಕೊವಾಚ್ ಅವರೇ ಮುಂದಿನ ಋತುವಿನಲ್ಲಿ ಹೈಂಕೆಸ್ ಅವರ ಉತ್ತರಾಧಿಕಾರಿಯೆಂದು ಏಪ್ರಿಲ್ ತಿಂಗಳಲ್ಲಿಯೇ ಘೋಷಿತವಾಗಿತ್ತು! ಹೀಗೆ ಹೋಗಲಿರುವ ಹಿರಿಯರು ಒಂದು ಪಕ್ಕದಲ್ಲಿ, ಬರಲಿರುವ ಕಿರಿಯರು ಇನ್ನೊಂದು ಪಕ್ಕದಲ್ಲಿ ನಿಂತರು. ಆಂಟೆ ರೆಬಿಚ್ ಎರಡು ಗೋಲು ಹೊಡೆದು ಫ್ರಾಂಕ್‌ಫರ್ಟನ್ನು 2-1 ಮುಂದೆ ಒಯ್ದಿದ್ದನು. ಪಂದ್ಯದ ಕಟ್ಟಕಡೆಯ ನಿಮಿಷಗಳಲ್ಲಿ ಬಯರ್ನಿಗೆ ಮೂಲೆಯ ಒದೆತ ದೊರೆಯಿತು; ಸಮ ಮಾಡುವ ಹಂಬಲದಿಂದ ಗೋಲ್‌ಕೀಪರ್ ಉಲ್‌ರೈಖ್ ಕೂಡ ತನ್ನ ಕಂಬಗಳನ್ನು ಬಿಟ್ಟು ಎದುರಾಳಿಯ ಗೋಲಿನ ಮುಂದೆ ಹೋಗಿ ನಿಂತನು. ಚೆಂಡು ಹೊರಗೆ ಚಿಮ್ಮಿತು, ಮಿಯಾಟ್ ಗಚಿನೊವಿಚ್‌ನ ಕಾಲಿಗೆ ಸಿಕ್ಕಿತು. ಎದುರಿಗೆ ಬರಿದಾದ ಅರ್ಧ ಅಂಗಳ, ಕಾಯುವವರಿಲ್ಲದ ಗೋಲು; ಆ ತರುಣನು ಓಡಿದನು, ಓಡಿ ಚೆಂಡನ್ನು ಖಾಲಿ ಬಲೆಯೊಳಗೆ ತಳ್ಳಿದನು. 3-1. ಹೈಂಕೆಸ್ ಅವರ ಕಡೆಯ ಪಂದ್ಯ ಹೀಗೆ ಸೋಲಿನಲ್ಲಿ, ಅದೂ ತಮ್ಮ ಉತ್ತರಾಧಿಕಾರಿಯ ಕೈಯಲ್ಲಿನ ಸೋಲಿನಲ್ಲಿ ಮುಗಿಯಿತು.

ಹಾಗಿದ್ದರೂ ಅವರ ಪುನರಾಗಮನವನ್ನು ನಾನು ಸಫಲವೆಂದೇ ಎಣಿಸುತ್ತೇನೆ. ಅದಕ್ಕೆ ಕಾರಣ ಲೀಗ್ ಪ್ರಶಸ್ತಿ ಮಾತ್ರವಲ್ಲ. ಗೆಲುವಿನ ಮೇಲೆ ಗೆಲುವು ಬರುತ್ತಿದ್ದಾಗ ಹೋನೆಸ್ ಅವರು ಇನ್ನೊಂದು ವರ್ಷ ನಿಲ್ಲಬೇಕೆಂದು ಬಹಿರಂಗವಾಗಿಯೇ ಆಸೆ ತೋಡಿಕೊಂಡರು. ಹೈಂಕೆಸ್ ಮಣಿಯಲಿಲ್ಲ. ಒಪ್ಪಿಕೊಂಡ ಅವಧಿ ಎಷ್ಟೋ ಅಷ್ಟೇ ಎಂಬ ಮಾತಿಗೆ ನಿಂತರು.

ಈ ನಿಲುವಿನ ಬೆಲೆ ಇತರ ನಿದರ್ಶನಗಳನ್ನು ಪಕ್ಕದಲ್ಲಿಟ್ಟಾಗ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಮ್ಯಾಟ್ ಬಸ್ಬಿ 1945ರಿಂದ ಕಟ್ಟಿ ಬೆಳೆಸಿ, 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ತಮ್ಮ ತರುಣ ಆಟಗಾರರನ್ನು ಕಳೆದುಕೊಂಡು, ಮತ್ತೆ ಕಟ್ಟಿ, 1968ರಲ್ಲಿ ಯುರೋಪಿನ ಕಪ್ಪನ್ನು ಗೆದ್ದು, ಮರುವರ್ಷ ಪದವಿಯನ್ನು 31 ವರ್ಷದ ವಿಲ್ಫ್ ಮ್ಯಾಕ್‌ಗಿನಿಸ್‌ಗೆ ಒಪ್ಪಿಸಿದರು. ಆದರೆ ಕ್ಲಬ್ಬಿನಲ್ಲಿಯೇ ಉಳಿದರು. 1970ರ ಡಿಸೆಂಬರಿನಲ್ಲಿ ಮ್ಯಾಕ್‌ಗಿನಿಸ್ ಪದಚ್ಯುತರಾಗಲು, ಬಸ್ಬಿಯವರೇ 61ನೆಯ ವಯಸ್ಸಿನಲ್ಲಿ ಆ ಋತುವಿನ ಮಟ್ಟಿಗೆ ಮರಳಿ ಬಂದರು. ತಂಡ ತಾತ್ಕಾಲಿಕವಾಗಿ ಚೇತರಿಸಿತೇನೋ ನಿಜ. ಆದರೆ ಅನಂತರ ಬಂದವರೂ ಬಹುಕಾಲ ನಿಲ್ಲಲಾರದೆ, 1974ರಲ್ಲಿ ಅಂಥ ತಂಡ ಎರಡನೆಯ ದರ್ಜೆಗೆ ಇಳಿಯಿತು. ದೊಡ್ಡ ಆಲದ ಕೆಳಗೆ ಸಸಿ ಏಳುವುದು ಕಷ್ಟ.

ಕ್ರಿಸ್ಟಲ್ ಪ್ಯಾಲೆಸ್ ತಂಡದ ರಾಯ್ ಹಾಜ್ಸನ್ ಅವರ ಅನುಭವ ಇನ್ನೂ ಬೋಧಪ್ರದವಾದುದು. 2023ರ ಮಾರ್ಚಿನಲ್ಲಿ, 75ನೆಯ ವಯಸ್ಸಿನಲ್ಲಿ, ಕೆಳದರ್ಜೆಗೆ ಬೀಳುವ ಭೀತಿಯಲ್ಲಿದ್ದ ತಮ್ಮ ಹಳೆಯ ತಂಡಕ್ಕೆ ಮರಳಿ, ಉಳಿದ 10 ಪಂದ್ಯಗಳಲ್ಲಿ 18 ಅಂಕಗಳನ್ನು ಗಳಿಸಿ, ಅದನ್ನು 11ನೆಯ ಸ್ಥಾನಕ್ಕೆ ತಂದರು. ಅಲ್ಲಿಗೇ ಕೈಮುಗಿದಿದ್ದರೆ ಅದೊಂದು ಪರಿಪೂರ್ಣ ಕಥೆಯಾಗುತ್ತಿತ್ತು. ಮತ್ತೊಂದು ಋತುವಿಗೆ ಅವರನ್ನು ಉಳಿಸಿಕೊಂಡರು; ಸೋಲುಗಳು ಹೆಚ್ಚಿದವು, ಪ್ರೇಕ್ಷಕರ ಅಸಹನೆ ಹೆಚ್ಚಿತು; 2024ರ ಫೆಬ್ರವರಿಯಲ್ಲಿ ಅಭ್ಯಾಸದ ವೇಳೆ ಅಸ್ವಸ್ಥರಾಗಿ ಆಸ್ಪತ್ರೆ ಸೇರಿ, ಕೆಲವೇ ದಿನಗಳಲ್ಲಿ ಪದವಿಯನ್ನು ತ್ಯಜಿಸಿದರು. ಗ್ರೀಸ್ ದೇಶಕ್ಕೆ 2004ರ ಯುರೋಪ್ ಕಪ್ಪನ್ನು ಗೆದ್ದುಕೊಟ್ಟು ಜಗತ್ತನ್ನು ಬೆರಗುಗೊಳಿಸಿದ ಓಟೊ ರೆಹಾಗೆಲ್ ಅವರನ್ನು, 2012ರಲ್ಲಿ 73ನೆಯ ವಯಸ್ಸಿನಲ್ಲಿ, ಬರ್ಲಿನ್ನಿನ ಹೆರ್ಥಾ ತಂಡದವರು ಕರೆತಂದರು. ತಂಡ ಕೆಳದರ್ಜೆಗೆ ಬೀಳುವುದು ತಪ್ಪಲಿಲ್ಲ. ಕೀರ್ತಿ ದೊಡ್ಡದಿದ್ದ ಮಾತ್ರಕ್ಕೆ ಕಾರ್ಯ ಸಿದ್ಧಿಸದು.

ಇದಕ್ಕೆ ಪ್ರತಿಯಾಗಿ ರೋಮ್ ನಗರದ ಕ್ಲಾಡಿಯೊ ರಾನಿಯೇರಿ ಅವರನ್ನು ನೋಡಿ. ನಿವೃತ್ತಿ ಘೋಷಿಸಿದ್ದ ಅವರನ್ನು 2024ರ ನವೆಂಬರಿನಲ್ಲಿ, 73ನೆಯ ವಯಸ್ಸಿನಲ್ಲಿ, ಹುಟ್ಟೂರಿನ ರೋಮಾ ತಂಡ ಕರೆಯಿತು. ಆ ಒಂದೇ ಋತುವಿನಲ್ಲಿ ಅವರು ಮೂರನೆಯ ತರಬೇತುದಾರರು. 12ನೆಯ ಸ್ಥಾನದಲ್ಲಿದ್ದ ತಂಡವನ್ನು, ಲೀಗಿನಲ್ಲಿ 19 ಪಂದ್ಯಗಳ ಕಾಲ ಸೋಲರಿಯದಂತೆ ನಡೆಸಿ, 5ನೆಯ ಸ್ಥಾನಕ್ಕೆ ಮುಟ್ಟಿಸಿ, ಮೊದಲೇ ಆದ ಒಪ್ಪಂದದಂತೆ ಅಂಗಳದಿಂದ ಹಿಂದೆ ಸರಿದರು.

ಇವೆಲ್ಲದರಿಂದ ನನಗೆ ತೋರುವುದಿಷ್ಟು. ವಯಸ್ಸು ತಾನಾಗಿ ಅರ್ಹತೆಯೂ ಅಲ್ಲ, ಅನರ್ಹತೆಯೂ ಅಲ್ಲ. ಹಿರಿಯನನ್ನು ಕರೆಯಬಹುದು, ಆದರೆ ಮೂರು ನಿಬಂಧನೆಗಳ ಮೇಲೆ: ಮಾಡಬೇಕಾದ ಕಾರ್ಯ ಸ್ಪಷ್ಟವಾಗಿರಬೇಕು, ಶ್ರಮವನ್ನು ಹೊರಲು ಸಮರ್ಥ ಸಹಾಯಕರಿರಬೇಕು, ಹೋಗುವ ದಿನ ಬರುವ ದಿನದಂದೇ ಗೊತ್ತಾಗಿರಬೇಕು. ಈ ಮೂರರಲ್ಲಿ ಕಡೆಯದು ಹಿರಿಯನಿಗಿಂತ ಹೆಚ್ಚಾಗಿ ಸಂಸ್ಥೆಯ ಹೊಣೆ. ಆತನು ಕಾಯ್ದುಕೊಟ್ಟ ಕಾಲದಲ್ಲಿ ಮುಂದಿನವನನ್ನು ಸಿದ್ಧಪಡಿಸದಿದ್ದರೆ, ಮುಪ್ಪಿನ ಹೆಗಲ ಮೇಲೆ ತನ್ನ ಆಲಸ್ಯದ ಭಾರವನ್ನು ಹೊರಿಸಿದಂತೆಯೇ ಸರಿ.

ಈ ಮಾತು ನಮಗೆ ದೂರದ್ದಲ್ಲ. ಬೆಂಗಳೂರು ಎಫ್‌ಸಿಯ ನಾಯಕರಾಗಿದ್ದ ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದರು. ಗೋಲು ಹೊಡೆಯುವವರಿಲ್ಲವೆಂದು 2025ರ ಮಾರ್ಚಿನಲ್ಲಿ, 40ನೆಯ ವಯಸ್ಸಿನಲ್ಲಿ, ಅವರನ್ನೇ ಮತ್ತೆ ಕರೆಯಲಾಯಿತು. ಬಂದ ಮೊದಲ ಪಂದ್ಯದಲ್ಲಿಯೇ ಮಾಲ್ದೀವ್ಸ್ ಎದುರು ಅವರು ಗೋಲು ಹೊಡೆದರು. ಆದರೂ ಭಾರತ 2027ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಲಿಲ್ಲ. ಕರೆದಾಗ ಬಂದ ಹಿರಿಯರಲ್ಲಿ ದೋಷವಿಲ್ಲ. ಅವರ ಜಾಗಕ್ಕೆ ಒಬ್ಬನನ್ನು ಬೆಳೆಸದ ನಮ್ಮಲ್ಲಿ ಇದೆ.

ಕಿರಿಯರ ಸರದಿ ಬಂದೇ ಬರುತ್ತದೆ. ಅದು ಬರುವಂತೆ ಎಡೆಮಾಡಿಕೊಡುವುದು ಹಿರಿಯರ ಕಡೆಯ ಕರ್ತವ್ಯ. ಬರ್ಲಿನ್ನಿನಲ್ಲಿ ಗೆದ್ದ ಕೊವಾಚ್ ಮರುವರ್ಷ ಬಯರ್ನಿಗೆ ಲೀಗನ್ನೂ ಕಪ್ಪನ್ನೂ ಗೆದ್ದುಕೊಟ್ಟರು. ಹೈಂಕೆಸ್ ತಮ್ಮ ತೋಟದ ಮನೆಗೆ ಮರಳಿದರು. 2018ರ ಮೇ 19ರ ತರುವಾಯ ಅವರು ಯಾವ ತಂಡದ ಹೊಣೆಯನ್ನೂ ಹೊತ್ತಿಲ್ಲ.