ಮುಂಡಾಜೆಯ ತೋಡು ಕಡಲಿಗೆ ಒಯ್ಯುವುದೇನು?

ಅಡಿಕೆ ತೋಟದ ಗೊಬ್ಬರ, ಮೈಲುತುತ್ತು, ಕೀಟನಾಶಕದ ಬಾಟಲಿ: ಏಳು ತಪ್ಪು ಕಲ್ಪನೆಗಳು ಮತ್ತು ಸತ್ಯ

ಆಟಿಯ ಮಳೆ ಹಿಡಿದರೆ ಮುಂಡಾಜೆಯ ಅಡಿಕೆ ತೋಟಗಳ ಕಣಿಗಳು ತುಂಬಿ ಹರಿಯುತ್ತವೆ. ಕಣಿಯ ನೀರು ತೋಡಿಗೆ, ತೋಡಿನದು ಮೃತ್ಯುಂಜಯ ಹೊಳೆಗೆ. ಕಲ್ಮಂಜದ ಪಜಿರಡ್ಕದಲ್ಲಿ ಮೃತ್ಯುಂಜಯ ನೇತ್ರಾವತಿಯನ್ನು ಸೇರುತ್ತದೆ. ಮುಂದೆ ಧರ್ಮಸ್ಥಳ, ಉಪ್ಪಿನಂಗಡಿ, ಬಂಟ್ವಾಳ ದಾಟಿ ಮಂಗಳೂರಿನ ಅಳಿವೆ ಬಾಗಿಲಲ್ಲಿ ನೇತ್ರಾವತಿ ಕಡಲಿಗೆ ಇಳಿಯುತ್ತದೆ. ಮಳೆಗಾಲದ ಆ ಕೆಂಪು ನೀರಿನಲ್ಲಿ ಮಣ್ಣು ಮಾತ್ರ ಇರುವುದಿಲ್ಲ. ಮರದ ಬುಡಕ್ಕೆ ಹಾಕಿದ ಗೊಬ್ಬರದ ಒಂದು ಪಾಲು, ಕೊಳೆರೋಗಕ್ಕೆ ಬಿಟ್ಟ ಮದ್ದಿನ ಒಂದು ಪಾಲು, ತೋಡಿನ ಬದಿಗೆ ಎಸೆದದ್ದರ ಒಂದು ಪಾಲು ಅದರಲ್ಲಿರುತ್ತದೆ. ಈ ವಿಷಯದಲ್ಲಿ ನಮ್ಮ ಊರುಗಳಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ನಾವು ಘಟ್ಟದ ಬುಡದವರು, ಕಡಲಿಗೂ ನಮಗೂ ಏನು ಸಂಬಂಧ?

ಸತ್ಯ: ರಸ್ತೆಯಲ್ಲಿ ಹೋದರೆ ಮುಂಡಾಜೆಯಿಂದ ಮಂಗಳೂರಿಗೆ ಸುಮಾರು 75 ಕಿ.ಮೀ. ನೇತ್ರಾವತಿಯ ಇಡೀ ಉದ್ದವೇ ನೂರು ಕಿ.ಮೀ. ಆಸುಪಾಸು. ಕೃಷ್ಣೆ, ಗೋದಾವರಿಗಳ ಮುಂದೆ ಇದು ತೀರಾ ಗಿಡ್ಡ ನದಿ. ಘಟ್ಟದಿಂದ ಕಡಿದಾಗಿ ಇಳಿಯುವ ನದಿ, ಮೇಲಿನಿಂದ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ನೆರೆ ಬಂದಾಗ ಇಲ್ಲಿನ ನೀರು ಕಡಲು ಮುಟ್ಟಲು ಹೆಚ್ಚು ಕಾಲ ಬೇಡ. ಕೊಳೆ ತಂಗಿ ಶುದ್ಧವಾಗಲು ನಡುವೆ ದೊಡ್ಡ ಕೆರೆಯೂ ಇಲ್ಲ, ಜಲಾಶಯವೂ ಇಲ್ಲ. ಶಂಭೂರು ಮತ್ತು ತುಂಬೆಯ ಅಣೆಕಟ್ಟುಗಳಲ್ಲಿ ನೀರು ನಿಲ್ಲುವುದು ಮುಖ್ಯವಾಗಿ ಬೇಸಿಗೆಯಲ್ಲಿ. ತುಂಬೆಯ ಆ ನೀರನ್ನೇ ಮಂಗಳೂರು ಕುಡಿಯುತ್ತದೆ.

ವೇಣೂರಿನ ಕಡೆಯ ತೋಟಗಳದ್ದೂ ಇದೇ ಕತೆ. ಅಲ್ಲಿನ ನೀರು ಫಲ್ಗುಣಿಗೆ ಹೋಗುತ್ತದೆ, ಫಲ್ಗುಣಿ ಬಂದು ಸೇರುವುದೂ ಇದೇ ಅಳಿವೆ ಬಾಗಿಲಿಗೆ. ಅಮೆರಿಕದ ಮಧ್ಯಭಾಗದ ಜೋಳದ ಹೊಲಗಳು ಕಡಲಿನಿಂದ ಸಾವಿರಕ್ಕೂ ಹೆಚ್ಚು ಕಿ.ಮೀ. ದೂರದಲ್ಲಿವೆ. ಅಲ್ಲಿಂದ ಮಿಸಿಸಿಪ್ಪಿ ನದಿ ಹೊತ್ತು ತಂದ ಸಾರಜನಕ ಮತ್ತು ರಂಜಕದಿಂದ ಮೆಕ್ಸಿಕೋ ಕೊಲ್ಲಿಯಲ್ಲಿ ಪ್ರತಿ ಬೇಸಿಗೆಯೂ ಆಮ್ಲಜನಕ ತೀರಾ ಕಡಿಮೆಯಾದ ‘ಸತ್ತ ವಲಯ’ ಹುಟ್ಟುತ್ತದೆ. 2017ರಲ್ಲಿ ಅದು 22,000 ಚದರ ಕಿ.ಮೀ. ಮೀರಿತ್ತು. ಅಷ್ಟು ದೂರದ ಹೊಲ ಕಡಲನ್ನು ಮುಟ್ಟುವುದಾದರೆ, 75 ಕಿ.ಮೀ. ದೂರದ ತೋಟ ಮುಟ್ಟದೆ ಇರುತ್ತದೆಯೇ?

ನಂಬಿಕೆ 2: ಕಡಲು ಅಷ್ಟು ದೊಡ್ಡದು, ಎಲ್ಲವೂ ಕರಗಿ ಹೋಗುತ್ತದೆ

ಸತ್ಯ: ಕಡಲು ದೊಡ್ಡದು ನಿಜ. ಆದರೆ ನದಿ ತಂದದ್ದು ಮೊದಲು ಇಳಿಯುವುದು ಅಳಿವೆಯಲ್ಲಿ ಮತ್ತು ದಂಡೆಗೆ ಹತ್ತಿರದ ಆಳವಿಲ್ಲದ ನೀರಿನಲ್ಲಿ. ಸಿಗಡಿಯ ಮರಿಗಳು ಬೆಳೆಯುವುದು ಅಲ್ಲೇ, ಮರುವಾಯಿ ಸಿಗುವುದೂ ಅಲ್ಲೇ. ಮರುವಾಯಿ ನೀರನ್ನು ಸೋಸಿ ಆಹಾರ ಹಿಡಿಯುವ ಜೀವಿ. ನೀರಿನಲ್ಲಿರುವ ಲೋಹವೂ ಅದರ ಮೈಯಲ್ಲಿ ಕೂಡಿಕೊಳ್ಳುತ್ತದೆ.

ಇನ್ನೊಂದು ಸಂಗತಿ ನಮ್ಮ ಕರಾವಳಿಗೇ ವಿಶೇಷ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಆಳದ ತಣ್ಣನೆಯ ನೀರು ಪಶ್ಚಿಮ ಕರಾವಳಿಯ ಉದ್ದಕ್ಕೂ ಮೇಲೇರಿ ಬರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಬಹಳ ಕಡಿಮೆ. ಅದೇ ಹೊತ್ತಿಗೆ ಮಳೆ ಮತ್ತು ಹೊಳೆಗಳ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಪಾತ್ರೆಗೆ ಮುಚ್ಚಳ ಹಾಕಿದಂತೆ ಮೇಲೆ ಹರಡಿಕೊಳ್ಳುತ್ತದೆ. ಗಾಳಿಯ ಆಮ್ಲಜನಕ ಕೆಳಗಿನ ಪದರಕ್ಕೆ ಇಳಿಯುವುದಿಲ್ಲ. ನಮ್ಮ ತೋಟಗಳ ಗೊಬ್ಬರ ಅತಿ ಹೆಚ್ಚು ತೊಳೆದು ಹೋಗುವುದೂ ಇದೇ ತಿಂಗಳುಗಳಲ್ಲಿ. ಕಡಲಿಗೆ ಉಸಿರು ಕಟ್ಟುವ ಕಾಲಕ್ಕೆ ಸರಿಯಾಗಿ ನಮ್ಮ ಹೊರೆ ಹೋಗಿ ಬೀಳುತ್ತದೆ.

ನಂಬಿಕೆ 3: ಗೊಬ್ಬರ ಅಂದರೆ ಆಹಾರ, ಮೀನಿಗೂ ಒಳ್ಳೆಯದೇ

ಸತ್ಯ: ಇದರಲ್ಲಿ ಅರ್ಧ ನಿಜವಿದೆ. ಬೂತಾಯಿ ಮೀನು ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನು ತಿಂದು ಕೊಬ್ಬುತ್ತದೆ. ಡಯಾಟಮ್‌ಗೆ ಚಿಪ್ಪು ಕಟ್ಟಲು ಸಿಲಿಕಾ ಬೇಕು, ಕಲ್ಲು ಮಣ್ಣಿನಿಂದ ಕರಗಿದ ಸಿಲಿಕಾವನ್ನು ಕಡಲಿಗೆ ಮುಟ್ಟಿಸುವುದು ಹೊಳೆಗಳೇ. ಆದ್ದರಿಂದ ‘ಹೊಳೆ ನೀರು ಕಡಲು ಸೇರಿದರೆ ದಂಡ’ ಎನ್ನುವ ಮಾತೂ ತಪ್ಪೇ.

ಆದರೆ ರಸಗೊಬ್ಬರ ಹೆಚ್ಚಿಸುವುದು ಸಾರಜನಕ ಮತ್ತು ರಂಜಕವನ್ನು, ಸಿಲಿಕಾವನ್ನಲ್ಲ. ಆ ಸಮತೋಲ ತಪ್ಪಿದರೆ ಡಯಾಟಮ್‌ನ ಜಾಗಕ್ಕೆ ಬೇರೆ ಪಾಚಿಗಳು ಬರುತ್ತವೆ. ಅವುಗಳಲ್ಲಿ ಕೆಲವು ವಿಷಕಾರಿ, ಕೆಲವನ್ನು ಮೀನು ಮುಟ್ಟುವುದೇ ಇಲ್ಲ. ಯಾರೂ ತಿನ್ನದ ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಅಲ್ಲಿ ಉಳಿದ ಆಮ್ಲಜನಕವನ್ನೂ ಬ್ಯಾಕ್ಟೀರಿಯಾಗಳು ಮುಗಿಸುತ್ತವೆ. ಈಜಬಲ್ಲ ಮೀನು ಜಾಗ ಬಿಡುತ್ತದೆ. ಕೆಸರಿನಲ್ಲಿರುವ ಹುಳ, ಚಿಪ್ಪು, ಏಡಿ ಸಾಯುತ್ತವೆ.

ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಮಹತ್ವದ ಅಧ್ಯಯನ ಪ್ರಕಟಿಸಿದರು. ಭಾರತದ ಪಶ್ಚಿಮ ಕರಾವಳಿಯ ಈ ಕಡಿಮೆ ಆಮ್ಲಜನಕದ ವಲಯ ಸಹಜವಾಗಿ ಹುಟ್ಟುವಂಥದ್ದು, ಆದರೆ ಅದು ತೀವ್ರವಾಗುತ್ತಿದೆ ಎಂದು ಅವರು ತೋರಿಸಿದರು. ಮನುಷ್ಯರಿಂದ ಸೇರುವ ನೈಟ್ರೇಟ್‌ನಿಂದಾಗಿ ಅಲ್ಲಿ ನೈಟ್ರಸ್ ಆಕ್ಸೈಡ್ ಹೆಚ್ಚು ಹುಟ್ಟುತ್ತಿರಬಹುದು ಎಂದೂ ಹೇಳಿದರು. ಈ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಪ್ರಬಲ. ಕಡಲಿನ ಸಂಕಟಕ್ಕೆಲ್ಲ ರೈತರೇ ಕಾರಣ ಎನ್ನುವುದು ಸುಳ್ಳು. ಮೊದಲೇ ಏದುಸಿರು ಬಿಡುವ ಕಡಲಿಗೆ ನಮ್ಮ ಪಾಲನ್ನೂ ಸೇರಿಸುತ್ತಿದ್ದೇವೆ ಎನ್ನುವುದು ನಿಜ.

ನಂಬಿಕೆ 4: ಹೆಚ್ಚು ಹಾಕಿದರೆ ಹೆಚ್ಚು ಫಸಲು. ಹಟ್ಟಿಗೊಬ್ಬರವಾದರೆ ಎಷ್ಟು ಹಾಕಿದರೂ ಚಿಂತೆಯಿಲ್ಲ

ಸತ್ಯ: ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು ಮಾಡುವುದು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟಾಶ್. ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್ ಅಥವಾ ಹಟ್ಟಿಗೊಬ್ಬರ. 100 ಗ್ರಾಂ ಸಾರಜನಕವನ್ನು ಯೂರಿಯಾದಿಂದಲೇ ಕೊಟ್ಟರೆ ಮರವೊಂದಕ್ಕೆ ಸುಮಾರು 217 ಗ್ರಾಂ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 550ರಷ್ಟು ಮರ ಹಿಡಿದರೆ ಹೆಚ್ಚುಕಡಿಮೆ 120 ಕಿಲೋ, ಅಂದರೆ 45 ಕಿಲೋದ ಎರಡು ಚೀಲ ದಾಟಿ ಮೂರನೆಯದರಲ್ಲಿ ಮೂರರಲ್ಲೆರಡು ಪಾಲು. ಇದಕ್ಕಿಂತ ಹೆಚ್ಚು ಹಾಕಿದ್ದನ್ನು ಮರ ಕೂಡಿಟ್ಟುಕೊಳ್ಳುವುದಿಲ್ಲ.

ಯೂರಿಯಾ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗುತ್ತದೆ. ನೈಟ್ರೇಟ್‌ಗೆ ಮಣ್ಣಿನ ಕಣಗಳ ಹಿಡಿತ ಸಿಗುವುದಿಲ್ಲ, ನೀರು ಹೋದ ಕಡೆ ಅದೂ ಹೋಗುತ್ತದೆ. ರಂಜಕದ ಸ್ವಭಾವ ಬೇರೆ. ಅದು ನಮ್ಮ ಕೆಂಪು ಮಣ್ಣಿನ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ, ಮಣ್ಣು ಕೊಚ್ಚಿ ಹೋದಾಗ ಅದರ ಜೊತೆಗೇ ಹೊರಡುತ್ತದೆ. ಹಾಗಾಗಿ ಕಣಿಯ ನೀರು ತಿಳಿಯಾಗಿದ್ದರೆ ಸಾರಜನಕ ಹೋಗುತ್ತಿಲ್ಲ ಎಂದೇನೂ ಅಲ್ಲ, ಕೆಂಪಾಗಿದ್ದರೆ ರಂಜಕವೂ ಹೋಗುತ್ತಿದೆ ಎಂದು ತಿಳಿಯಬೇಕು. ಜಗತ್ತಿನ ಒಟ್ಟು ಲೆಕ್ಕದಲ್ಲಿ ಬೆಳೆಗಳಿಗೆ ಹಾಕಿದ ಸಾರಜನಕದಲ್ಲಿ ಬೆಳೆಗೆ ದಕ್ಕುವುದು ಅರ್ಧದಷ್ಟು ಮಾತ್ರ.

ಹಟ್ಟಿಗೊಬ್ಬರ, ಕೋಳಿಗೊಬ್ಬರ, ಸ್ಲರಿಗಳ ಸಾರಜನಕವೂ ಕೊನೆಗೆ ಇದೇ ನೈಟ್ರೇಟ್ ಆಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವುದು, ಮಣ್ಣಿನ ಹಿಡಿತ ಹೆಚ್ಚಿಸುವುದು ಸಾವಯವದ ದೊಡ್ಡ ಗುಣ. ಆದರೆ ಲಾರಿಯಲ್ಲಿ ತಂದ ಕೋಳಿಗೊಬ್ಬರವನ್ನು ತೋಡಿನ ಬದಿಯಲ್ಲಿ ರಾಶಿ ಹಾಕಿ ಮಳೆಗೆ ಬಿಟ್ಟರೆ, ಹಟ್ಟಿ ತೊಳೆದ ನೀರನ್ನು ನೇರ ತೋಡಿಗೆ ತಿರುಗಿಸಿದರೆ, ಆ ಗುಣ ಯಾವ ಕೆಲಸಕ್ಕೂ ಬರುವುದಿಲ್ಲ. ಅದರ ಅಮೋನಿಯಾ ಕಡಲಿಗೆ ಮುಟ್ಟುವ ಮೊದಲು ತೋಡಿನ ಮೀನನ್ನೇ ಕೊಲ್ಲಬಲ್ಲದು.

ನಂಬಿಕೆ 5: ಮೈಲುತುತ್ತು ಅಜ್ಜನ ಕಾಲದ್ದು, ಅದರಲ್ಲಿ ವಿಷವಿಲ್ಲ

ಸತ್ಯ: ಮೈಲುತುತ್ತಿಗೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಕೊಳೆರೋಗದಿಂದ ಅಡಿಕೆಯನ್ನು ಕಾಪಾಡಲು ಇಂದಿಗೂ ಅದು ಬೇಕು, ಮದ್ದು ಬಿಡಬೇಡಿ ಎಂದು ಯಾವ ರೈತರಿಗೂ ಹೇಳುವಂತಿಲ್ಲ. ಆದರೆ ಅದರಲ್ಲಿರುವುದು ತಾಮ್ರ. ಉಳಿದ ಎಷ್ಟೋ ಮದ್ದುಗಳು ಕಾಲಕ್ರಮದಲ್ಲಿ ಒಡೆಯುತ್ತವೆ, ತಾಮ್ರ ಧಾತುವಾದ್ದರಿಂದ ಒಡೆಯುವುದಿಲ್ಲ. ಒಂದೋ ಮಣ್ಣಿನಲ್ಲಿ ಕೂಡುತ್ತದೆ, ಇಲ್ಲವೇ ಮಣ್ಣಿನೊಂದಿಗೆ ಹೊಳೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಹೊಳೆಯ ಗುಂಡಿಗೆ ಮೈಲುತುತ್ತು ಕಲಸಿ ಮೀನು ಹಿಡಿಯುವವರು ನಮ್ಮಲ್ಲೇ ಇದ್ದಾರೆ. ಅದು ಮೀನಿಗೆ ವಿಷ ಎನ್ನುವುದು ಊರಿಗೇ ಗೊತ್ತಿರುವ ಸಂಗತಿ.

ಶೇ. 1ರ ದ್ರಾವಣದ 200 ಲೀಟರ್ ಬ್ಯಾರಲ್‌ಗೆ ಎರಡು ಕಿಲೋ ಮೈಲುತುತ್ತು ಬೀಳುತ್ತದೆ. ಅದರಲ್ಲಿ ಅರ್ಧ ಕಿಲೋದಷ್ಟು ಶುದ್ಧ ತಾಮ್ರ. ಯುರೋಪಿನ ಒಕ್ಕೂಟ ತನ್ನ ರೈತರಿಗೆ ಹಾಕಿರುವ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ, ಸರಾಸರಿ ವರ್ಷಕ್ಕೆ ನಾಲ್ಕು ಕಿಲೋ. ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆಗೆ ಎಂಟು ಬ್ಯಾರಲ್. ನಿಮ್ಮ ತೋಟಕ್ಕೆ ಎಷ್ಟು ಬ್ಯಾರಲ್ ಹೋಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಪಾಕ ಸರಿಯಾಗಿದ್ದರೆ ಮದ್ದು ಗೊನೆಗೆ ಅಂಟಿ ನಿಲ್ಲುತ್ತದೆ, ವ್ಯರ್ಥವಾಗುವುದು ಕಡಿಮೆ. ಹದ ನೋಡುವ ಹಳೆಯ ಕ್ರಮ ಇಂದಿಗೂ ಚೆನ್ನಾಗಿದೆ: ಉಜ್ಜಿ ಹೊಳಪಾಗಿಸಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಬಿಡಿಯಾಗಿ ಉಳಿದಿದೆ ಎಂದರ್ಥ, ಸುಣ್ಣದ ತಿಳಿ ಇನ್ನಷ್ಟು ಬೇಕು. ಬ್ಯಾರಲ್ಲನ್ನೂ ಪಂಪನ್ನೂ ತೋಡಿನಲ್ಲಿ ತೊಳೆಯದೆ, ಆ ನೀರನ್ನು ತೋಟದೊಳಗೇ ಚೆಲ್ಲುವುದು ಮುಂದಿನ ಹೆಜ್ಜೆ.

ನಂಬಿಕೆ 6: ಎಂಡೋಸಲ್ಫಾನ್ ನಿಷೇಧವಾಯಿತು, ವಿಷದ ಕತೆ ಅಲ್ಲಿಗೆ ಮುಗಿಯಿತು

ಸತ್ಯ: ಬೆಳ್ತಂಗಡಿ ತಾಲೂಕಿಗೆ ಈ ಪಾಠವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1980–90ರ ದಶಕಗಳಲ್ಲಿ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದರ ನೋವನ್ನು ಆ ಊರುಗಳ ಮನೆಗಳು ಇಂದಿಗೂ ಅನುಭವಿಸುತ್ತಿವೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ನಿಷೇಧಿಸಿತು. ಮೀನಿಗಂತೂ ಅದು ಅತ್ಯಂತ ಕಡಿಮೆ ಪ್ರಮಾಣದಲ್ಲೇ ಮಾರಕ.

ಒಂದು ವಿಷ ಹೋದರೂ ಮದ್ದಿನ ಬಾಟಲಿಗಳು ಹೋಗಿಲ್ಲ. ಅಡಿಕೆಗೆ ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ಶಿಲೀಂಧ್ರನಾಶಕದ ಬಳಕೆಗೆ ಹೊಸ ಕಾರಣವೂ ಸಿಕ್ಕಿದೆ. ಬಾಟಲಿ ಖಾಲಿಯಾಯಿತು ಎಂದು ತೋಡಿಗೆ ಎಸೆಯುವ ಹೊತ್ತಿಗೆ ಅದರ ತಳದಲ್ಲಿ, ಗೋಡೆಯಲ್ಲಿ ಮದ್ದು ಉಳಿದೇ ಇರುತ್ತದೆ. ಬಾಟಲಿಯ ಕಾಲು ಭಾಗಕ್ಕೆ ನೀರು ತುಂಬಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಕುಲುಕಿ ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಹಾಕಿ. ಹೀಗೆ ಮೂರು ಸಲ. ಕೊಟ್ಟ ದುಡ್ಡಿನ ಮದ್ದೂ ಪೂರ್ತಿ ಬಳಕೆಯಾಯಿತು, ವಿಷವೂ ಹೊಳೆಗೆ ಹೋಗಲಿಲ್ಲ. ಆಮೇಲೆ ಬಾಟಲಿಗೆ ತೂತು ಹೊಡೆದು ಯಾರೂ ಮತ್ತೆ ಬಳಸದಂತೆ ಮಾಡಬೇಕು. 1971ರ ಕೀಟನಾಶಕ ನಿಯಮಗಳೂ ಖಾಲಿ ಡಬ್ಬಿ ಮತ್ತು ತೊಳೆದ ನೀರು ಜಲಮೂಲಕ್ಕೆ ಸೇರಬಾರದು ಎಂದೇ ಹೇಳುತ್ತವೆ. ಸುಡುವುದು ಪರಿಹಾರವಲ್ಲ, ಆ ಹೊಗೆಯೂ ವಿಷವೇ. ಪಂಪಿನ ಸುಟ್ಟ ಆಯಿಲ್, ಹಳೆಯ ಬ್ಯಾಟರಿ, ಟ್ಯೂಬ್‌ಲೈಟ್‌ಗಳನ್ನೂ ಇದೇ ಎಚ್ಚರದಿಂದ ಬೇರೆ ಇಡಬೇಕು.

ನಂಬಿಕೆ 7: ಕಡಲು ಕೆಡಿಸುವುದು ಕಾರ್ಖಾನೆ, ಹಡಗು, ಪೇಟೆ. ರೈತರೇಕೆ ಬದಲಾಗಬೇಕು?

ಸತ್ಯ: ಅವರ ಪಾಲು ದೊಡ್ಡದೇ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಪಕ್ಕದ ಮಂದಾರ ಪ್ರದೇಶದ ಮನೆ, ತೋಟಗಳನ್ನು ಮುಚ್ಚಿತು, ಕೊಳೆನೀರು ಫಲ್ಗುಣಿಯ ಕಡೆ ಹರಿಯಿತು. 2025ರ ಮೇ 25ರಂದು ಕೇರಳದ ಕಡಲಿನಲ್ಲಿ ಮುಳುಗಿದ ‘ಎಂಎಸ್‌ಸಿ ಎಲ್ಸಾ 3’ ಹಡಗಿನಲ್ಲಿ 640 ಕಂಟೇನರ್‌ಗಳಿದ್ದವು, 13ರಲ್ಲಿ ಅಪಾಯಕಾರಿ ಸರಕಿತ್ತು. ಇವುಗಳಿಗೆಲ್ಲ ಉತ್ತರ ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಆದರೆ ಕಾರ್ಖಾನೆಯ ಕೊಳವೆಯನ್ನು ಮುಚ್ಚಿಸಲು ಕಾನೂನು ಬೇಕು, ಅಧಿಕಾರಿಗಳು ಬೇಕು. ನಮ್ಮ ತೋಟದ ಕಣಿಯನ್ನು ಸರಿಪಡಿಸಲು ನಾವೇ ಸಾಕು.

ಸರಿಪಡಿಸುವುದು ಕಷ್ಟವೂ ಅಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಕಡಿಮೆ ಇದ್ದದ್ದನ್ನು ಮಾತ್ರ ಹಾಕುವುದು. ನೀರಾವರಿ ಇರುವ ತೋಟಕ್ಕೆ ರಸಗೊಬ್ಬರವನ್ನು ಬೇಸಿಗೆಯ ಆರಂಭದಲ್ಲೊಮ್ಮೆ, ಮಳೆಯ ಬಿರುಸು ಇಳಿದ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಎಂದು ಎರಡು ಕಂತು ಮಾಡುವುದು. ಜಡಿಮಳೆಯ ಮುನ್ನಾದಿನ ಗೊಬ್ಬರದ ಚೀಲ ಬಿಚ್ಚದಿರುವುದು. ಬುಡಕ್ಕೆ ಹಾಕಿ ಮಣ್ಣು, ಸೊಪ್ಪು ಮುಚ್ಚುವುದು. ಕಣಿ ತೋಡಿಗೆ ಸೇರುವಲ್ಲಿ ಕೆಸರು ತಂಗಲು ಗುಂಡಿ ತೆಗೆದು, ಬೇಸಿಗೆಯಲ್ಲಿ ಆ ಮಣ್ಣನ್ನು ಮತ್ತೆ ಮರದ ಬುಡಕ್ಕೆ ಏರಿಸುವುದು. ತೋಡಿನ ಬದಿಯ ಹುಲ್ಲು, ಮುಂಡುಗಗಳನ್ನು ಕಡಿಯದೆ ಬಿಡುವುದು. ಇವುಗಳಲ್ಲಿ ಒಂದರಿಂದಲೂ ಫಸಲು ಇಳಿಯುವುದಿಲ್ಲ, ಗೊಬ್ಬರದ ಖರ್ಚು ಇಳಿಯುತ್ತದೆ.

ತಡ ಮಾಡಿದವರ ಪಾಡು ಏನೆಂದು ಯುರೋಪಿನ ಬಾಲ್ಟಿಕ್ ಸಮುದ್ರ ತೋರಿಸಿದೆ. ಅದನ್ನು ಉಳಿಸಲು ಸುತ್ತಲಿನ ದೇಶಗಳು 1974ರಲ್ಲೇ ಹೆಲ್ಸಿಂಕಿಯಲ್ಲಿ ಒಪ್ಪಂದ ಮಾಡಿಕೊಂಡವು. ಹೊಲಗಳಿಂದ, ಪೇಟೆಗಳಿಂದ ಬರುವ ಹೊರೆಯನ್ನು ಬಹಳಷ್ಟು ಇಳಿಸಿದವು. ಆದರೂ ತಳದ ಕೆಸರಿನಲ್ಲಿ ದಶಕಗಳಿಂದ ಕೂಡಿದ ರಂಜಕ ಮತ್ತೆ ಮತ್ತೆ ಮೇಲೆ ಬರುತ್ತಿದೆ, ಆಮ್ಲಜನಕವಿಲ್ಲದ ವಲಯಗಳು ಇಂದಿಗೂ ಅಲ್ಲಿವೆ. ಕಡಲಿಗೆ ಸೇರಿದ ಮೇಲೆ ತೆಗೆಯುವ ದಾರಿ ಯಾರ ಬಳಿಯೂ ಇಲ್ಲ. ತೋಟದಲ್ಲೇ ತಡೆಯುವ ದಾರಿ ಮುಂಡಾಜೆಯ ಪ್ರತಿ ರೈತರ ಬಳಿಯೂ ಇದೆ. ಈ ವರ್ಷ ಗೊಬ್ಬರ ಹಾಕುವ ಮೊದಲೇ ಅದನ್ನು ಶುರು ಮಾಡೋಣ.