‘ಪ್ರಾಗಿತಿಹಾಸ’ ಶಬ್ದದ ಅರ್ಥವೂ ಪ್ರಯೋಗವೂ

‘ಪ್ರಾಕ್’ ಎಂಬುದಕ್ಕೆ ‘ಇತಿಹಾಸ’ವು ಪರವಾದಾಗ ಕಕಾರಕ್ಕೆ ಗಕಾರವು ಆದೇಶವಾಗಿ ‘ಪ್ರಾಗಿತಿಹಾಸ’ ಎಂಬ ರೂಪವು ಸಿದ್ಧಿಸುವುದು. ವ್ಯಾಕರಣದಲ್ಲಿ ತೊಡಕಿಲ್ಲ, ತೊಡಕಿರುವುದು ಅರ್ಥದಲ್ಲಿ. ‘ಇತಿ ಹ ಆಸ’, ಎಂದರೆ ‘ಹೀಗೆಯೇ ಇದ್ದಿತು’ ಎಂಬುದು ಇತಿಹಾಸಶಬ್ದದ ನಿರುಕ್ತಿ. ಹಾಗಾದರೆ ಅದಕ್ಕೂ ಹಿಂದಿನದು ಯಾವುದು?

ಈ ಶಬ್ದವು ಆಂಗ್ಲಪದವೊಂದರ ಭಾಷಾಂತರ. 1851ರಲ್ಲಿ ಡೇನಿಯಲ್ ವಿಲ್ಸನ್ನನು ಸ್ಕಾಟ್ಲೆಂಡಿನ ಪುರಾತತ್ತ್ವವನ್ನು ಕುರಿತ ತನ್ನ ಗ್ರಂಥದ ಹೆಸರಿನಲ್ಲಿಯೇ ‘ಪ್ರೀಹಿಸ್ಟಾರಿಕ್’ ಎಂಬುದನ್ನು ಬಳಸಿದನು; 1865ರ ಲಬ್ಬಕನ ಗ್ರಂಥದಿಂದ ಅದು ಇನ್ನಷ್ಟು ಹಬ್ಬಿತು. ಅಲ್ಲಿ ಇತಿಹಾಸವೆಂದರೆ ಬರಹದ ಆಧಾರವುಳ್ಳ ವೃತ್ತಾಂತ. ಆದುದರಿಂದ ಪ್ರಾಗಿತಿಹಾಸವು ಬರಹಕ್ಕೆ ಹಿಂದಿನ ಮನುಷ್ಯವೃತ್ತಾಂತವೇ ಹೊರತು ವೃತ್ತಾಂತವೇ ಇಲ್ಲದ ಕಾಲವಲ್ಲ. ಅದರ ಕೊನೆಯ ಗಡಿಯೂ ದೇಶದಿಂದ ದೇಶಕ್ಕೆ ಬೇರೆ: ಈಜಿಪ್ತದಲ್ಲಿ ಕ್ರಿ. ಪೂ. 3000ದ ಸುಮಾರು, ಕರ್ನಾಟಕದಲ್ಲಿ ಅಶೋಕನ ಶಾಸನಗಳು ತೋರುವ ಕ್ರಿ. ಪೂ. 3ನೆಯ ಶತಮಾನ.

ಇದರ ಮೊದಲ ಗಡಿಯನ್ನು ತಿಳಿಯಲು ಘಟಪ್ರಭೆಯ ಸೀಮೆಯು ಒಳ್ಳೆಯ ನಿದರ್ಶನ. ಗೋಕಾಕದ ಬಳಿ ದೊರೆತ ಖಡ್ಗಮೃಗದ ಅಸ್ಥಿಗಳನ್ನು ರಾಬರ್ಟ್ ಬ್ರೂಸ್ ಫೂಟನು 1874ರಲ್ಲಿ ಹೊಸದೊಂದು ಜಾತಿಯದೆಂದು ವರ್ಣಿಸಿದನು. ಇವುಗಳ ಪ್ರಾಚೀನತೆಯು ಎಷ್ಟೇ ಇರಲಿ, ಅಸ್ಥಿಗಳಷ್ಟರಿಂದಲೇ ಅದು ಪ್ರಾಗಿತಿಹಾಸವಾಗದು; ಅದು ಭೂಗರ್ಭಶಾಸ್ತ್ರದ ವಿಷಯ. ಅದೇ ಹೊಳೆಯ ಕೆಳಭಾಗದ ಅನಗವಾಡಿಯಲ್ಲಿ ದೊರೆತ ಕಲ್ಲಿನ ಕೈಗೊಡಲಿಗಳಾದರೋ ಮನುಷ್ಯನು ಮಾಡಿದವು. ಅಂಥವುಗಳಿಂದಲೇ ಪ್ರಾಗಿತಿಹಾಸವು ಮೊದಲಾಗುವುದು. ಗೋಕಾಕದ ಸಮೀಪದ ಕೊಣ್ಣೂರಿನ ಬೃಹತ್-ಶಿಲಾಸಮಾಧಿಗಳು ಅದರ ಕೊನೆಯ ಭಾಗಕ್ಕೆ ಸೇರತಕ್ಕವು.

ಇಂಥ ಕಲ್ಮನೆಗಳನ್ನು ಕರ್ನಾಟಕದ ಹಲವೆಡೆ ಜನರು ‘ಪಾಂಡವರ ಮನೆ’ಗಳೆಂದೂ, ಹಿರೇಬೆಣಕಲ್ಲಿನಲ್ಲಿ ‘ಮೋರ್ಯರ ಮನೆ’ಗಳೆಂದೂ ಕರೆಯುವರು. ಭಾರತವು ನಮ್ಮ ಸಂಪ್ರದಾಯದಲ್ಲಿ ಇತಿಹಾಸವೇ ಆದುದರಿಂದ, ವಿದ್ವಾಂಸರು ಇತಿಹಾಸದ ಆಚೆಗಿಟ್ಟುದನ್ನು ಜನರು ಅದರ ಒಳಗೇ ಇಟ್ಟಿರುವರೆಂದಾಯಿತು. ಪಾಠ ಹೇಳುವವರು ಈ ಅರ್ಥಭೇದವನ್ನು ಬಿಡಿಸಿ ತೋರಿಸದಿದ್ದರೆ ವಿದ್ಯಾರ್ಥಿಗೆ ಒಂದೇ ಶಬ್ದವು ಎರಡು ದಿಕ್ಕಿಗೆ ಎಳೆಯುವುದು.

ಹುಕ್ಕೇರಿ ತಾಲೂಕಿನ ದಡ್ಡಿಯಂಥ ಊರ ಹೆಸರಿನಲ್ಲಿಯೂ ಎಚ್ಚರವು ಅವಶ್ಯ. ಆ ಸೀಮೆಯ ಮಾತಿನಲ್ಲಿ ದಡ್ಡಿಯೆಂದರೆ ದನಕುರಿಗಳನ್ನು ಕೂಡುವ ಸ್ಥಳ. ನವಶಿಲಾಯುಗದ ಜನರು ದನ ಕೂಡುತ್ತಿದ್ದುದಕ್ಕೆ ಬೂದಿಹಾಳದ ಬೂದಿದಿಬ್ಬವು ಸಾಕ್ಷಿ. ಆದರೆ ಕಸುಬು ಪ್ರಾಚೀನವೆಂದ ಮಾತ್ರಕ್ಕೆ ಹೆಸರೂ ಅಷ್ಟೇ ಪ್ರಾಚೀನವೆನ್ನಲಾಗದು.

ಇನ್ನು ಪ್ರಯೋಗ. ‘ಪೂರ್ವೇತಿಹಾಸ’ವನ್ನು ಇದಕ್ಕೆ ಪರ್ಯಾಯವಾಗಿ ಬಳಸುವುದು ಯುಕ್ತವಲ್ಲ, ಅದು ಹಿಂದಿನ ಇತಿಹಾಸವೆಂಬ ಅರ್ಥವನ್ನೂ ಕೊಡುವುದು. ವಿಶೇಷಣಕ್ಕೆ ‘ಪ್ರಾಗೈತಿಹಾಸಿಕ’ವೇ ಸಾಧು. ‘ಕದಂಬರ ಪ್ರಾಗಿತಿಹಾಸ’ವೆಂದು ಬರೆಯುವುದಂತೂ ಸಲ್ಲದು, ಅವರ ಕುಲಮೂಲವನ್ನು ಹೇಳಲು ತಾಳಗುಂದದ ಶಾಸನವಿದೆ.