ಸ್ಥೂಲಾರುಂಧತೀನ್ಯಾಯವೂ ವಸಿಷ್ಠತಾರೆಯ ಯುಗ್ಮತ್ವವೂ

ವಿವಾಹಕಾಲದಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುವ ಆಚಾರವು ಕನ್ನಡನಾಡಿನಲ್ಲಿ ಇಂದಿಗೂ ನಡೆದುಬಂದಿದೆ. ಮುಹೂರ್ತವು ಹಗಲಿಗೆ ಬಿದ್ದಾಗ ಬರಿಯ ಆಕಾಶದ ಕಡೆಗೆ ಬೆರಳು ಮಾಡಿಸುವರೆಂಬುದು ಬೇರೆಯ ಮಾತು. ಈ ಆಚಾರದಿಂದಲೇ ಶಾಸ್ತ್ರಕಾರರು ಒಂದು ನ್ಯಾಯವನ್ನು ಎತ್ತಿಕೊಂಡರು. ಸೂಕ್ಷ್ಮವಾದ ಅರುಂಧತಿಯನ್ನು ತೋರಿಸಬೇಕಾದವನು ಮೊದಲು ಅದರ ಬಳಿಯ ದಪ್ಪ ನಕ್ಷತ್ರವನ್ನೇ ಅರುಂಧತಿಯೆಂದು ಹಿಡಿಯಿಸಿ, ಬಳಿಕ ಅದನ್ನು ಬಿಡಿಸಿ ನಿಜವಾದುದನ್ನು ತೋರಿಸುವನು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಈ ದೃಷ್ಟಾಂತವನ್ನು ಉಪಯೋಗಿಸಿರುವುದನ್ನು ವಿದ್ವಾಂಸರು ಬಲ್ಲರು. ಆದರೆ ಇಲ್ಲಿ ಸ್ಥೂಲವೆನಿಸಿದ ವಸಿಷ್ಠನೇ ತನ್ನೊಳಗೆ ಮತ್ತೊಂದು ಸೂಕ್ಷ್ಮವನ್ನು ಅಡಗಿಸಿಕೊಂಡಿರುವನೆಂಬುದು ಪಾಠ ಹೇಳುವವರ ಗಮನಕ್ಕೆ ಅಷ್ಟಾಗಿ ಬಂದಂತಿಲ್ಲ.

ಕನಕಪುರದ ಸೀಮೆಯ ಮರಳವಾಡಿಯಲ್ಲಿ ನಿಂತು ನೋಡುವವನಿಗೆ ಮೇ ತಿಂಗಳ ಕೊನೆಯಲ್ಲಿ ರಾತ್ರಿ ಒಂಬತ್ತು ಗಂಟೆ ಮೀರಿದ ಮೇಲೆ ವಸಿಷ್ಠನು ಉತ್ತರದಲ್ಲಿ ಸುಮಾರು 48 ಅಂಶಗಳ ಎತ್ತರದಲ್ಲಿರುವನು. ಬೆಂಗಳೂರು ಅದೇ ದಿಕ್ಕಿಗಿರುವುದರಿಂದ ನಗರದ ದೀಪಗಳ ಪ್ರಭೆಯು ದಿಗಂತವನ್ನು ಬೆಳ್ಳಗೆ ಮಾಡುವುದಾದರೂ ಅಷ್ಟು ಎತ್ತರದ ತಾರೆಗೆ ಅದರಿಂದ ದೊಡ್ಡ ಬಾಧೆಯಿಲ್ಲ. ವಸಿಷ್ಠಾರುಂಧತಿಯರ ಅಂತರವು ಸುಮಾರು 12 ಕಲೆ. ಕಣ್ಣು ಚೆನ್ನಾಗಿರುವವನಿಗೆ ಯಂತ್ರವಿಲ್ಲದೆಯೇ ತೋರುವುದು. ಎರಡೂವರೆ ಅಂಗುಲದ ಮಸೂರವುಳ್ಳ ದೂರದರ್ಶಕವನ್ನು ಅಲುಗದ ಮುಕ್ಕಾಲಿಯ ಮೇಲೆ ನಿಲ್ಲಿಸಿ 50 ಪಾಲು ಹಿಗ್ಗಿಸಿ ನೋಡಿದರೆ ವಸಿಷ್ಠನು ಎರಡಾಗಿ ಬೇರ್ಪಡುವನು: ಒಂದು ಉಜ್ಜ್ವಲವಾದುದು, ಅದರ ಪಕ್ಕದಲ್ಲಿ ಮಂದವಾದ ಇನ್ನೊಂದು. ಇವುಗಳ ಅಂತರವು 14 ವಿಕಲೆಗಿಂತ ಸ್ವಲ್ಪ ಹೆಚ್ಚು. 50ರಿಂದ ಗುಣಿಸಿದರೆ 12 ಕಲೆಯಾಗುವುದು. ಎಂದರೆ ಬರಿಗಣ್ಣಿಗೆ ಅರುಂಧತಿಯು ವಸಿಷ್ಠನಿಂದ ಎಷ್ಟು ದೂರ ತೋರುವಳೋ ಯಂತ್ರದಲ್ಲಿ ಈ ಸಹಚರತಾರೆಯೂ ಅಷ್ಟೇ ದೂರ ತೋರುವುದು. ನ್ಯಾಯವು ಇನ್ನೊಂದು ಮೆಟ್ಟಿಲು ಇಳಿದಂತಾಯಿತು.

ಇಟಲಿಯ ಕ್ಯಾಸ್ಟೆಲ್ಲಿಯು 1617ರಲ್ಲಿ ಇದನ್ನು ಕಂಡು ಗೆಲಿಲಿಯೋವಿಗೆ ಬರೆದನು. ಆದರೆ ಸಮೀಪದಲ್ಲಿ ಕಂಡ ಮಾತ್ರಕ್ಕೆ ಯುಗ್ಮವೆನ್ನಲಾಗದು. ವಸಿಷ್ಠಾರುಂಧತಿಯರ ಬಳಿಯಲ್ಲಿಯೇ ಯಂತ್ರಕ್ಕೆ ತೋರುವ ಮಂದತಾರೆಯೊಂದನ್ನು ಜರ್ಮನಿಯ ಲೀಬ್‌ಕ್ನೆಖ್ಟ್ ಎಂಬವನು 1722ರಲ್ಲಿ ಹೊಸ ಗ್ರಹವೆಂದು ಬಗೆದು ತನ್ನ ಪ್ರಭುವಿನ ಹೆಸರಿಟ್ಟನು. ಅದಾದರೋ ಎಷ್ಟೋ ಹಿಂದೆ ಇರುವ, ಇವರಿಗೆ ಸಂಬಂಧವೇ ಇಲ್ಲದ ನಕ್ಷತ್ರ.

ಅರುಂಧತಿಯೂ ವಸಿಷ್ಠನೂ ಒಬ್ಬರನ್ನೊಬ್ಬರು ಸುತ್ತುವರೆಂದೂ ಪ್ರಾಚೀನರು ಇದನ್ನು ತಿಳಿದೇ ಅವರನ್ನು ದಾಂಪತ್ಯಕ್ಕೆ ಆದರ್ಶವಾಗಿಟ್ಟರೆಂದೂ ಈಚೆಗೆ ಹೇಳುವವರುಂಟು. ಈ ಮಾತು ನಿಲ್ಲಲಾರದು. ಇಬ್ಬರೂ ಸುಮಾರು 80 ಜ್ಯೋತಿರ್ವರ್ಷಗಳ ದೂರದಲ್ಲಿ ಆಕಾಶದಲ್ಲಿ ಒಂದೇ ಕಡೆಗೆ ಸಾಗುತ್ತಿರುವುದು ನಿಜ. ಸುತ್ತುವುದಿದ್ದರೂ ಒಂದು ಸುತ್ತಿಗೆ ಲಕ್ಷಗಟ್ಟಲೆ ವರ್ಷಗಳು ಬೇಕು. ವಸಿಷ್ಠನ ಒಳಜೋಡಿಗೂ ಸಹಸ್ರಾರು ವರ್ಷಗಳು ಹಿಡಿಯುವುವು. ಬೇಗನೆ ಸುತ್ತುವ ಜೋಡಿಯು ಸಣ್ಣ ಯಂತ್ರಕ್ಕೂ ಅಗೋಚರ: ಉಜ್ಜ್ವಲವಾದ ತಾರೆಯೇ ಎರಡೆಂದು 1889ರಲ್ಲಿ ಅಮೆರಿಕದ ಪಿಕರಿಂಗನು ವರ್ಣಪಟಲದಿಂದ ತಿಳಿಸಿದನು, ಅವುಗಳ ಒಂದು ಸುತ್ತಿಗೆ ಇಪ್ಪತ್ತೂವರೆ ದಿನ. ಅರುಂಧತಿಗೂ ಒಂದು ಮಂದ ಸಹಚರವಿರುವುದು 2009ರಲ್ಲಿ ತಿಳಿದುಬಂದಿತು.

ಗ್ರಂಥಪ್ರಮಾಣವೂ ಆ ವಾದಕ್ಕೆ ವಿರುದ್ಧವಾಗಿಯೇ ಇದೆ. ಮಹಾಭಾರತದ ಭೀಷ್ಮಪರ್ವದಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಉತ್ಪಾತಗಳನ್ನು ಹೇಳುವಾಗ, ಅರುಂಧತಿಯು ವಸಿಷ್ಠನನ್ನು ಹಿಂದಕ್ಕೆ ಹಾಕಿದಳೆಂಬುದನ್ನೂ ಸೇರಿಸಿರುವರು. ಪರಸ್ಪರ ಪರಿಭ್ರಮಣವು ಅವರ ಸ್ವಭಾವವೆಂದು ಕವಿಯು ತಿಳಿದಿದ್ದರೆ ಅವಳು ಮುಂದಾಗುವುದು ಕಾಲಕ್ರಮದಲ್ಲಿ ನಡೆಯತಕ್ಕ ಸಂಗತಿಯಾಗುತ್ತಿತ್ತೇ ಹೊರತು ಅಪಶಕುನವಾಗುತ್ತಿರಲಿಲ್ಲ.